ಸಿಸ್ಟರಮ್ಮನ ಕಪ್ಪೆ ವಾರ್ಡು

ಮೂವತ್ತನಾಲ್ಕು ವರ್ಷ ಆಸ್ಪತ್ರೆಯ ವಾರ್ಡುಗಳನ್ನು ಆಳಿ ನಿವೃತ್ತರಾದ ಸಿಸ್ಟರಮ್ಮನಿಗೆ ಈ ಲೋಕದಲ್ಲಿ ಎರಡೇ ಎರಡನ್ನು ಕಂಡರೆ ಆಗುತ್ತಿರಲಿಲ್ಲ. ಒಂದು ಕೊಳೆ, ಇನ್ನೊಂದು ನೊಣ. ಅವರಿಗೆ ಇರುವವನು ಒಬ್ಬನೇ ತಮ್ಮ. ಅಂಗಡಿಗಳಿಗೆ ಬೋರ್ಡು ಬರೆದು ಬದುಕುವವನು, ಮದುವೆಯ ಗೋಜಿಗೇ ಹೋಗದೆ ಐವತ್ತೆಂಟು ದಾಟಿದವನು. ಹರ್ನಿಯಾ ಆಪರೇಷನ್ನಿಗೆಂದು ಐದಾರು ದಿನ ಆಸ್ಪತ್ರೆ ಸೇರುವ ಮುನ್ನ ಅವನು ಅಕ್ಕನ ಕೈಗೆ ಮನೆಯ ಬೀಗದ ಕೈ ಕೊಟ್ಟು, ಕೊಳೆ ಮತ್ತು ನೊಣ ಎರಡನ್ನೂ ಒಟ್ಟಿಗೆ ಅವರ ಕೊರಳಿಗೆ ಕಟ್ಟಿಬಿಟ್ಟ.

ಕೊಳೆ ಇದ್ದದ್ದು ಕಿಟಕಿಯ ಪಕ್ಕದ ಗಾಜಿನ ತೊಟ್ಟಿಯಲ್ಲಿ. ಒದ್ದೆ ಪಾಚಿ, ಎರಡು ಒಣ ಕೊಂಬೆ, ಅಗಲ ಎಲೆಯ ಒಂದು ಗಿಡ, ಗಾಜಿನ ತುಂಬ ಪುಟ್ಟ ಪುಟ್ಟ ಪಾದದ ಗುರುತು, ಅಲ್ಲಲ್ಲಿ ಸಾಸಿವೆ ಚೆಲ್ಲಿದಂತೆ ಹಿಕ್ಕೆ. ಅದರೊಳಗೆ ಮೂರು ಮರಗಪ್ಪೆ ಮರಿಗಳು. ಬಾಲ ಕರಗಿ ಮೂರು ತಿಂಗಳೂ ಆಗಿರಲಿಲ್ಲ. ಸದಾ ಎತ್ತರದ ಕೊಂಬೆ ಹಿಡಿದು ಕೂರುವವನು ಯಜಮಾನ. ಗಾಜಿಗೆ ಹೊಟ್ಟೆ ಹಚ್ಚಿಕೊಂಡೇ ಇರುವವನು ಅಂಟು. ಹೆಬ್ಬೆರಳ ಉಗುರಿನ ಮೇಲೆ ಕೂರಿಸಿದರೂ ಜಾಗ ಉಳಿಯುವವನು ಚಟಾಕು. ಈ ಹೆಸರುಗಳೆಲ್ಲ ತಮ್ಮನವು. ಸಿಸ್ಟರಮ್ಮ ಮೂರನ್ನೂ ‘ಅವು’ ಎನ್ನುತ್ತಿದ್ದರು.

ನೊಣ ಇದ್ದದ್ದು ಪಕ್ಕದ ಬಾಟಲಿಯಲ್ಲಿ. ಕೊಳೆತ ಬಾಳೆಹಣ್ಣು ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಬೇಕೆಂದೇ ಸಾಕಿದ ಸಣ್ಣ ನೊಣಗಳು.

“ನೊಣ ಸಾಕ್ತಿದೀಯೇನೋ?” ಎಂದು ಸಿಸ್ಟರಮ್ಮ ಕೇಳಿದ್ದರು. ವಾರ್ಡಿನಲ್ಲಿ ಒಂದು ನೊಣ ಹಾರಿದರೆ ಮೂರು ಜನ ಆಯಾಗಳನ್ನು ಓಡಿಸಿದವರು ಅವರು.

“ಸಾಕೋದಷ್ಟೇ ಅಲ್ಲ ಅಕ್ಕ. ಕೊಡೋ ಮೊದಲು ಪೌಡರ್ ಹಚ್ಚಬೇಕು. ಸುಣ್ಣದಂಶದ ಪೌಡರ್. ಇಲ್ಲಾಂದ್ರೆ ಮರಿಗಳ ಮೂಳೆ ಗಟ್ಟಿಯಾಗಲ್ಲ.”

“ನೊಣಕ್ಕೆ ಪೌಡರ್! ಕಾಡಿಗೆನೂ ಹಚ್ಚಲಾ?”

“ಮೂರೇ ಮೂರು ಜೀವ ಇದೆ ನನ್ನ ಮನೇಲಿ,” ಎಂದ ತಮ್ಮ. ನಗಲಿಲ್ಲ. “ನಾನು ವಾಪಸ್ ಬಂದಾಗ ಮೂರೂ ಇರ್ಬೇಕು ಅಕ್ಕ. ಅದರಲ್ಲೂ ಚಟಾಕು. ಅವನು ಬದುಕಿದ್ದೇ ಹೆಚ್ಚು.”

“ಮೂವತ್ತು ಹಾಸಿಗೆ ನೋಡಿಕೊಂಡೋಳು ನಾನು. ಮೂರು ಕಪ್ಪೆ ನೋಡ್ಕೊಳಕ್ಕಾಗಲ್ವಾ?” ಎಂದರು ಸಿಸ್ಟರಮ್ಮ. ಅಲ್ಲಿಗೆ ಮಾತು ಮುಗಿಯಿತು.

ತಮ್ಮ ಒಂದು ನೋಟುಪುಸ್ತಕ ಬಿಟ್ಟುಹೋಗಿದ್ದ. ಬೋರ್ಡು ಬರೆಯುವವನ ಅಕ್ಷರ ಕೇಳಬೇಕೆ? ಒಂದೊಂದು ಸಾಲೂ ಅಂಗಡಿ ಬಾಗಿಲಿಗೆ ನೇತುಹಾಕುವ ಹಾಗಿತ್ತು. ನೀರನ್ನು ಹಿಂದಿನ ದಿನವೇ ಹಿಡಿದು ತೆರೆದಿಡಬೇಕು, ನಲ್ಲಿಯಿಂದ ನೇರ ಹಾಕಬಾರದು. ದವಡೆ ಮೆತ್ತಗಾಗಿ ಕಾಲು ಸೊಟ್ಟಗಾದರೆ ಪೌಡರ್ ಸಾಲುತ್ತಿಲ್ಲ ಎಂದರ್ಥ. ಹಸಿರು ಮೈ ಕಂದಾದರೆ ಹೆದರಬೇಡ, ಅದು ಅವರ ಇಷ್ಟ. ತೊಡೆ ಕೆಂಪಾದರೆ ಸೋಂಕಿರಬಹುದು, ಬೇರೆ ಡಬ್ಬಿಯಲ್ಲಿ ಇಡು, ಎಲ್ಲ ಶುಚಿಯಾಗಿರಲಿ, ಪ್ರಾಣಿ ಡಾಕ್ಟರಿಗೆ ತೋರಿಸು. ತೊಟ್ಟಿಯನ್ನು ತೊಳೆಯುವುದು ಹೇಗೆಂದು ಮಾತ್ರ ಎಲ್ಲೂ ಇರಲಿಲ್ಲ. ಆ ಒಂದು ಕೆಲಸವನ್ನು ಅಕ್ಕನಿಗೆ ಹೇಳಿಕೊಡಬೇಕಾಗಿಲ್ಲ ಎಂಬ ಬುದ್ಧಿಯಾದರೂ ಇವನಿಗಿದೆಯಲ್ಲ ಎಂದು ಸಿಸ್ಟರಮ್ಮ ಮನಸ್ಸಿನಲ್ಲೇ ಮೆಚ್ಚಿಕೊಂಡರು.

ತಮ್ಮನನ್ನು ಆಸ್ಪತ್ರೆಗೆ ಸೇರಿಸಿ ಬಂದವರೇ ಸೆರಗು ಸಿಕ್ಕಿಸಿ ಕೆಲಸಕ್ಕಿಳಿದರು. ಮರಿಗಳನ್ನು ಡಬ್ಬಿಗೆ ವರ್ಗ ಮಾಡಿದರು. ತೊಟ್ಟಿಗೆ ಫಿನಾಯಿಲು ಸುರಿದು, ಗಾಜು ಕಿರುಗುಟ್ಟುವವರೆಗೆ ತಿಕ್ಕಿ, ಒಂದು ಸಲ ನೀರು ಹಾಯಿಸಿ, ಸ್ಪಿರಿಟ್ಟಿನ ಬಟ್ಟೆಯಲ್ಲಿ ಒರೆಸಿದರು. ಪಾಚಿಯನ್ನೂ ಬಿಡಲಿಲ್ಲ, ಕೊಂಬೆಯನ್ನೂ ಬಿಡಲಿಲ್ಲ. ಆಮೇಲೆ ಪ್ರತಿಯೊಂದು ಮರಿಯನ್ನು ಮುಟ್ಟುವ ಮೊದಲೂ ಕೈಗೆ ಸ್ಪಿರಿಟ್ಟು ಹಚ್ಚಿಕೊಂಡು, ಒಂದೊಂದನ್ನೇ ಎತ್ತಿ ಒಳಗೆ ಬಿಟ್ಟರು. ಆಪರೇಷನ್ ಥಿಯೇಟರಿಗೂ ಇಷ್ಟು ಮರ್ಯಾದೆ ಸಿಕ್ಕಿರಲಿಕ್ಕಿಲ್ಲ.

ಆಮೇಲೆ ಚಾರ್ಟು ಬಂತು. ಬಿಳಿ ಕಾಗದಕ್ಕೆ ಗೆರೆ ಹೊಡೆದು, ರೋಗಿ, ಹೊತ್ತು, ಗಂಟಲಿನ ಮಿಡಿತ, ಆಹಾರ, ವಿಸರ್ಜನೆ ಎಂದು ಕಲಂ ಮಾಡಿ ತೊಟ್ಟಿಗೆ ಅಂಟಿಸಿದರು. ಕಪ್ಪೆಯ ಗಂಟಲು ನಿಮಿಷಕ್ಕೆ ಎಷ್ಟು ಸಲ ಬಡಿದುಕೊಳ್ಳಬೇಕು ಎಂಬುದು ಅವರಿಗೆ ಗೊತ್ತಿರಲಿಲ್ಲ, ಆದರೂ ಕೈಗಡಿಯಾರ ಹಿಡಿದು ಎಣಿಸಿದರು. ಎಣಿಸಿ ಬರೆದಿಟ್ಟರೆ ಏನೋ ನೆಮ್ಮದಿ.

ಸಂಜೆ ಯಜಮಾನ ಇದ್ದಕ್ಕಿದ್ದಂತೆ ಬೆನ್ನು ಗೂನು ಮಾಡಿ, ಬಾಯಿ ಕಳೆದು, ಮೈಮೇಲಿನ ತೆಳ್ಳನೆಯ ಪೊರೆಯನ್ನು ಸ್ವೆಟರ್ ಕಳಚುವಂತೆ ತಲೆಯ ಮೇಲಿಂದ ಎಳೆದು ಎಳೆದು ನುಂಗತೊಡಗಿದಾಗ ಸಿಸ್ಟರಮ್ಮ ಪೆನ್ನು ಬಿಸುಟು ಎದ್ದರು. ಓಡಿಹೋಗಿ ಪುಸ್ತಕ ತೆರೆದರು. ‘ಚರ್ಮ ಬಿಟ್ಟು ತಾನೇ ತಿನ್ನುತ್ತದೆ, ಗಾಬರಿಯಾಗಬೇಡ ಅಕ್ಕ’ ಎಂದು ದಪ್ಪಕ್ಷರದಲ್ಲಿತ್ತು.

“ನನಗ್ಯಾಕೆ ಗಾಬರಿ?” ಎಂದು ಪುಸ್ತಕಕ್ಕೇ ರೇಗಿ, ಚಾರ್ಟಿನಲ್ಲಿ ಆಹಾರದ ಕಲಮಿನಡಿ ‘ಸ್ವಂತ ಚರ್ಮ’ ಎಂದು ಬರೆದರು.

ಮರುದಿನ ಬೆಳಿಗ್ಗೆ ಚಟಾಕು ನೆಲದಲ್ಲಿದ್ದ. ಮರಗಪ್ಪೆ ಮರ ಬಿಟ್ಟು ನೆಲದಲ್ಲಿ ಕೂತರೆ ಏನೋ ಇದೆ ಎಂದು ಪುಸ್ತಕವೇ ಹೇಳಿತ್ತು. ಇವನು ಕೂತೂ ಇರಲಿಲ್ಲ. ಹಿಂಗಾಲುಗಳನ್ನು ಮಡಚಿಕೊಳ್ಳಲಾಗದೆ ಹಿಂದಕ್ಕೆ ಚಾಚಿ ಮಲಗಿದ್ದ. ಒಳತೊಡೆ ಕೆಂಪಗಾಗಿತ್ತು. ಉಳಿದಿಬ್ಬರು ಗಾಜಿಗೆ ಢಿಕ್ಕಿ ಹೊಡೆಯುತ್ತ ಒಂದೇ ಸಮನೆ ಹಾರುತ್ತಿದ್ದರು.

‘ತೊಡೆ ಕೆಂಪಾದರೆ ಸೋಂಕು.’ ಸೋಂಕು ಎಂಬ ಪದ ಕಂಡದ್ದೇ ತಡ, ಸಿಸ್ಟರಮ್ಮನ ಮೈಯಲ್ಲಿ ಹಳೆಯ ಕಸುವು ಬಂದುಬಿಟ್ಟಿತು. ಸೋಂಕಿನ ಜೊತೆ ಗುದ್ದಾಡಿಯೇ ಅಲ್ಲವೆ ಅವರ ಕೂದಲು ಬೆಳ್ಳಗಾದದ್ದು? ಒಂದು ಡಬ್ಬಿಯ ಒಳಗೋಡೆಗೆಲ್ಲ ಸ್ಪಿರಿಟ್ಟು ಬಳಿದು ಚಟಾಕನ್ನು ಅದಕ್ಕೆ ಸಾಗಿಸಿದರು. ತೊಟ್ಟಿಯನ್ನು ಮತ್ತೆ ತೊಳೆದರು. ಈ ಸಲ ಫಿನಾಯಿಲು ದುಪ್ಪಟ್ಟು.

ನಾಲ್ಕು ಗಂಟೆಗೆ ಆಸ್ಪತ್ರೆಗೆ ಹೋದಾಗ ತಮ್ಮ ಆಪರೇಷನ್ ಮುಗಿಸಿಕೊಂಡು, ಹೊಟ್ಟೆಯ ಮೇಲೆ ಕೈಯಿಟ್ಟು ಮಲಗಿದ್ದ. ಮೊದಲ ಮಾತೇ ಕಪ್ಪೆ.

“ಚಟಾಕು ಹೇಗಿದಾನೆ?”

“ಏನಾಗಿದೆ ಅದಕ್ಕೆ? ಆರಾಮಾಗಿ ಕಾಲು ಚಾಚಿ ಮಲಗಿದೆ,” ಎಂದರು ಸಿಸ್ಟರಮ್ಮ. ಸುಳ್ಳಲ್ಲ. ರೋಗಿಗಳ ಮನೆಯವರ ಮುಂದೆ ಪೂರ್ತಿ ಸುಳ್ಳನ್ನೂ ಹೇಳದೆ ಪೂರ್ತಿ ನಿಜವನ್ನೂ ಹೇಳದೆ ದಾಟಿಕೊಳ್ಳುವ ವಿದ್ಯೆ ಅವರಿಗೆ ಕರಗತವಾಗಿತ್ತು.

“ಕಾಲು ಚಾಚಿಕೊಂಡಾ?”

“ನೀನು ಈಗ ಹೇಗೆ ಮಲಗಿದೀಯೋ ಹಾಗೆ. ಮಾತಾಡಬೇಡ, ಹೊಲಿಗೆ ನೋಯುತ್ತೆ.”

ಮನೆಗೆ ಬಂದು, ನೊಣಗಳಿಗೆ ಪೌಡರ್ ಹಚ್ಚಿ ಒಂದನ್ನು ಚಟಾಕಿನ ಮುಂದೆ ಬಿಟ್ಟರು. ನೊಣ ನಡೆದಾಡಿತು, ಅವನ ಮೂಗಿನ ಮುಂದೆ ನಿಂತು ಕೈ ಉಜ್ಜಿಕೊಂಡಿತು, ಕಡೆಗೆ ಅವನ ತಲೆಯ ಮೇಲೆಯೇ ಹತ್ತಿ ಕೂತಿತು. ಚಟಾಕು ನಾಲಿಗೆ ಹೊರಗೆ ಹಾಕಲಿಲ್ಲ. ಜೀವಮಾನವಿಡೀ ನೊಣ ಹೊಡೆದವರು ಆ ಸಂಜೆ ಡಬ್ಬಿಗೆ ಮುಖವಿಟ್ಟು, “ತಿನ್ನೋ, ಇಗೋ ಇಲ್ಲೇ ಇದೆ, ತಿನ್ನೋ ರಾಜ,” ಎಂದು ನೊಣದ ಪರವಾಗಿ ಗೋಗರೆದರು.

ಮೂರನೆಯ ದಿನ ಚಟಾಕಿನ ಕಾಲು ಆಗಾಗ ಸೆಟೆದು ನಡುಗುತ್ತಿತ್ತು. ಯಜಮಾನನೂ ಕೊಂಬೆಯಿಂದ ಇಳಿದಿದ್ದ. ಚಾರ್ಟಿನಲ್ಲಿ ಬರೆಯಲು ಸಿಸ್ಟರಮ್ಮನ ಕೈ ಏಳಲಿಲ್ಲ. ಚಟಾಕನ್ನು ಡಬ್ಬಿಯಲ್ಲಿಟ್ಟುಕೊಂಡು, ಚಾರ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಹಿಂದಿನ ಬೀದಿಯ ಪ್ರಾಣಿ ಡಾಕ್ಟರರ ಬಾಗಿಲಿಗೆ ಹೋಗಿ ಕುಳಿತರು. ಒಂದು ಪಕ್ಕ ಬಾಯಿಗೆ ಪಟ್ಟಿ ಕಟ್ಟಿಸಿಕೊಂಡ ನಾಯಿ, ಇನ್ನೊಂದು ಪಕ್ಕ ಪಂಜರದಲ್ಲಿ ಗರಿ ಕಿತ್ತುಕೊಂಡ ಗಿಳಿ. ಇಷ್ಟು ವರ್ಷ ಒಳಗೆ ಕೂತು ‘ಸರದಿ ಬರೋವರೆಗೂ ಕಾಯ್ರಿ’ ಎಂದು ಗದರಿಸಿದವರು ಈಗ ಬಾಗಿಲು ತೆರೆದಾಗೆಲ್ಲ ಎದ್ದು ನಿಲ್ಲುತ್ತಿದ್ದರು.

ಡಾಕ್ಟರು ಮಗಳ ವಯಸ್ಸಿನ ಹುಡುಗಿ, ಪೆನ್ನಿನ ತುದಿ ಕಚ್ಚುವ ಅಭ್ಯಾಸದವಳು. ಸಿಸ್ಟರಮ್ಮ ಅದನ್ನು ಗಮನಿಸಿ ಒಳಗೊಳಗೇ ಮೂಗು ಮುರಿದರು. ಚಾರ್ಟು ಮುಂದೆ ಹಿಡಿದು ವರದಿ ಒಪ್ಪಿಸಿದರು.

“ಗಂಡು. ಮೂರು ತಿಂಗಳು. ನಿನ್ನೆ ಬೆಳಿಗ್ಗೆಯಿಂದ ತೊಡೆ ಕೆಂಪು, ಹಿಂಗಾಲು ಚಾಚಿದೆ, ಆಹಾರ ಇಲ್ಲ. ಇವತ್ತಿಂದ ನಡುಕ. ಸೋಂಕು. ಪ್ರತ್ಯೇಕ ಇಟ್ಟಿದೀನಿ.”

“ಗಂಡು ಅಂತ ಹೇಗೆ ಗೊತ್ತಾಯ್ತು?”

“ನನ್ನ ತಮ್ಮ ಹಾಗಂತಾನೆ.”

ಡಾಕ್ಟರು ನಗು ತಡೆದುಕೊಂಡು ಡಬ್ಬಿಯ ಮುಚ್ಚಳ ತೆರೆದಳು. ಕಪ್ಪೆಯನ್ನು ನೋಡುವ ಮೊದಲು ಮೂಗು ಅರಳಿಸಿದಳು. ಇನ್ನೊಮ್ಮೆ ಮೂಸಿದಳು.

“ಅಮ್ಮಾ, ಇದನ್ನ ಯಾವುದರಲ್ಲಿ ತೊಳೆದಿದೀರಿ?”

“ಸ್ಪಿರಿಟ್ಟಲ್ಲಿ,” ಎಂದರು ಸಿಸ್ಟರಮ್ಮ ಎದೆಯುಬ್ಬಿಸಿ. “ದೊಡ್ಡ ತೊಟ್ಟೀನ ಫಿನಾಯಿಲಲ್ಲಿ. ಎರಡು ಸಲ. ಮುಟ್ಟೋ ಮೊದಲು ಕೈಗೂ ಸ್ಪಿರಿಟ್ ಹಚ್ಚಿಕೊಳ್ತೀನಿ. ಒಂದು ಸಲಾನೂ ತಪ್ಪಿಸಿಲ್ಲ.”

ಹುಡುಗಿ ಪೆನ್ನು ಕೆಳಗಿಟ್ಟಳು. ಅವಳ ದನಿ ಮೆತ್ತಗಾಯಿತು. ಆ ಮೆತ್ತಗಿನ ದನಿ ಎಂಥದೆಂದು ಸಿಸ್ಟರಮ್ಮನಿಗೆ ಗೊತ್ತಿತ್ತು, ಎಷ್ಟೋ ಜನರ ಮುಂದೆ ತಾವೇ ಅದನ್ನು ಬಳಸಿದ್ದರು.

“ಕಪ್ಪೆ ಬಾಯಲ್ಲಿ ನೀರು ಕುಡಿಯಲ್ಲ ಅಮ್ಮಾ. ಮೈ ಚರ್ಮದಿಂದಾನೇ ಕುಡಿಯುತ್ತೆ. ಉಸಿರಾಟಾನೂ ಸುಮಾರು ಅದರಲ್ಲೇ. ನಾವು ಕೂತ ಕಡೆ ಫಿನಾಯಿಲ್ ಇದ್ರೆ ಬಟ್ಟೆಗಾಗುತ್ತೆ. ಅದು ಕೂತ ಕಡೆ ಇದ್ರೆ ಒಳಗೆ ಹೋಗುತ್ತೆ. ಇದು ಸೋಂಕಿನ ಕೆಂಪಲ್ಲ. ಸುಟ್ಟಿರೋದು.”

ಸಿಸ್ಟರಮ್ಮನ ಬಾಯಿಗೆ ಮೊದಲು ಬಂದದ್ದು, “ಪುಸ್ತಕದಲ್ಲಿ ಅವನು ಬರೆದೇ ಇಲ್ಲ!” ಎಂಬ ಮಾತು. ಹೇಳಿಯೂ ಬಿಟ್ಟರು. ಹೇಳಿದ ಮೇಲೆ ಅದು ಅವರ ಕಿವಿಗೇ ಹಿತವಾಗಲಿಲ್ಲ. ಔಷಧಿ ತಪ್ಪು ಕೊಟ್ಟು ‘ಚೀಟಿಯಲ್ಲಿ ಸರಿಯಾಗಿ ಕಾಣಲಿಲ್ಲ ಸಿಸ್ಟರ್’ ಎಂದ ಹೊಸ ನರ್ಸುಗಳನ್ನು ಅವರು ಹೇಗೆ ಅಳಿಸಿದ್ದರು ಎಂಬುದು ನೆನಪಾಯಿತು.

“ಬದುಕುತ್ತಾ?” ಎಂದು ಕೇಳಿದರು.

“ನೋಡೋಣ. ಇವತ್ತು ಕಳೀಲಿ.” ಡಾಕ್ಟರು ಅಗಲವಾದ ಬಟ್ಟಲಿಗೆ ಬೆರಳಗಲ ನೀರು ಹಾಕಿ, ತನ್ನ ಕೈಯನ್ನು ಬರಿ ನೀರಲ್ಲೇ ಚೆನ್ನಾಗಿ ತೊಳೆದುಕೊಂಡು, ಒದ್ದೆ ಕೈಯಲ್ಲೇ ಚಟಾಕನ್ನು ಅದರಲ್ಲಿಳಿಸಿದಳು. “ಹೀಗೇ, ತೆರೆದಿಟ್ಟ ನೀರು. ಮೊದಲು ಅರ್ಧ ಗಂಟೆಗೊಂದು ಸಲ ಬದಲಾಯಿಸಿ, ಸಂಜೆ ಮೇಲೆ ಎರಡು ಗಂಟೆಗೊಂದು ಸಲ. ಮೂಗು ಮುಳುಗಬಾರದು. ತೊಟ್ಟೀನ ಬಿಸಿನೀರಲ್ಲಿ ತೊಳೀರಿ, ವಾಸನೆ ಪೂರ್ತಿ ಹೋಗೋವರೆಗೂ. ಪಾಚಿ, ಕೊಂಬೆ ಎಲ್ಲ ಎಸೆದುಬಿಡಿ. ತಳಕ್ಕೆ ಒದ್ದೆ ಟಿಶ್ಯೂ ಸಾಕು. ಉಳಿದವಕ್ಕೂ ಇದೇ ಸ್ನಾನ. ಇವತ್ತು ಊಟ ಬೇಡ. ಬಟ್ಟೆ ಮುಚ್ಚಿ ಕತ್ತಲೆ ಮಾಡಿ, ಸುಮ್ಮನೆ ಬಿಡಿ.”

“ಔಷಧಿ?”

“ಇದೇ.”

“ಇಂಜೆಕ್ಷನ್ನು? ಡ್ರಾಪ್ಸು?”

“ಅಮ್ಮಾ, ಈಗಾಗ್ಲೇ ಅದಕ್ಕೆ ಔಷಧಿ ಜಾಸ್ತಿ ಆಗಿದೆ.”

ಏನೂ ಮಾಡದೆ ಕೂರುವ ಕೆಲಸವನ್ನು ಸಿಸ್ಟರಮ್ಮನಿಗೆ ಯಾರೂ ಕಲಿಸಿರಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು. ನೀರು ಬದಲಾಯಿಸಿದರು. ಮತ್ತೆ ಕೂತರು. ಬಟ್ಟೆ ಎತ್ತಿ ನೋಡಬೇಕೆಂದು ಕೈ ತುರಿಸುತ್ತಿತ್ತು. ಎರಡು ಕೈಯನ್ನೂ ತೊಡೆಯ ಕೆಳಗೆ ಹಾಕಿಕೊಂಡು ಕೂತರು. ಮಧ್ಯೆ ಎದ್ದು ಫಿನಾಯಿಲು ಬಾಟಲಿಯನ್ನೂ ಸ್ಪಿರಿಟ್ಟನ್ನೂ ಬಾಗಿಲಾಚೆ ಇಟ್ಟು ಬಂದರು. ಆ ದಿನ ಭೇಟಿಯ ಹೊತ್ತಿಗೆ ಆಸ್ಪತ್ರೆಗೆ ಹೋಗಲಿಲ್ಲ. ಕಾಲು ನೋವು ಎಂದು ಫೋನಿನಲ್ಲಿ ಹೇಳಿದರು. ಈ ಸಲ ಪೂರ್ತಿ ಸುಳ್ಳು.

ನಾಲ್ಕನೆಯ ದಿನ ಬೆಳಿಗ್ಗೆ ಬಟ್ಟೆ ಸರಿಸಿದಾಗ ಚಟಾಕಿನ ಹಿಂಗಾಲುಗಳು ಮೈಗೆ ಅಂಟಿ ಮಡಚಿಕೊಂಡಿದ್ದವು. ನಡುಕ ಇರಲಿಲ್ಲ. ಕಣ್ಣು ಅರ್ಧ ಮುಚ್ಚಿ, ‘ಬೆಳಕು ಯಾಕೆ ಹಾಕಿದೆ’ ಎಂಬ ಮುಖ ಮಾಡಿಕೊಂಡಿದ್ದ. ಆದರೆ ನೊಣ ಮುಟ್ಟಲಿಲ್ಲ. ಆ ಸಂಜೆ ಆಸ್ಪತ್ರೆಯಲ್ಲಿ ತಮ್ಮ ಕೇಳಿದ್ದಕ್ಕೆಲ್ಲ ಸಿಸ್ಟರಮ್ಮ ಹೂಂ ಎಂದರು, ಉಹೂಂ ಎಂದರು, ದಿಂಬು ಸರಿ ಮಾಡಿದರು, ಹೊದಿಕೆ ಎಳೆದರು, ಕಣ್ಣಿಗೆ ಕಣ್ಣು ಕೊಡದೆ ಎದ್ದು ಬಂದರು.

ಐದನೆಯ ದಿನ ಬೆಳಿಗ್ಗೆ ನೊಣಕ್ಕೆ ಪೌಡರ್ ಹಚ್ಚಿ ಒಳಗೆ ಬಿಟ್ಟು, ಬಗ್ಗಿ ನಿಂತರು. ನೊಣ ನಡೆಯಿತು. ಚಟಾಕಿನ ತಲೆ ಒಂದು ಕೂದಲೆಳೆಯಷ್ಟು ತಿರುಗಿತು. ಹಿಂಗಾಲಿನ ಒಂದು ಬೆರಳು ತಟತಟನೆ ಅಲುಗಿತು. ಮುಂದಿನ ಕ್ಷಣ ನೊಣ ಇರಲಿಲ್ಲ. ಚಟಾಕು ಕಣ್ಣು ಎರಡನ್ನೂ ಒಳಕ್ಕೆಳೆದುಕೊಂಡು ನುಂಗಿದ, ಇನ್ನೊಂದೆಲ್ಲಿ ಎಂಬಂತೆ ನೋಡಿದ. ಸಿಸ್ಟರಮ್ಮ ಯಾರೂ ಇಲ್ಲದ ಆ ಮನೆಯಲ್ಲಿ ಗಟ್ಟಿಯಾಗಿ, “ತಿಂದ!” ಎಂದರು.

ಹೊಸ ಪಾಚಿ, ಹೊಸ ಕೊಂಬೆ ಹಾಕಿದ ತೊಟ್ಟಿಯಲ್ಲಿ ಯಜಮಾನ ಎತ್ತರದಲ್ಲಿದ್ದ, ಅಂಟು ಗಾಜಿಗೆ ಅಂಟಿದ್ದ. ಮನೆಯಲ್ಲಿ ಯಾವ ವಾಸನೆಯೂ ಇರಲಿಲ್ಲ. ಆಗ ಸಿಸ್ಟರಮ್ಮನಿಗೆ ಒಂದು ವಿಷಯ ಹೊಳೆಯಿತು. ಇದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಡಾಕ್ಟರು ಹುಡುಗಿಗೆ ತಮ್ಮ ಯಾರೋ, ತಾವು ಯಾರೋ. ಚಾರ್ಟನ್ನು ಒಲೆಗೆ ಹಾಕಿದರೆ ಆಯಿತು. ನಾಳೆ ಅವನು ಬಂದು ನೋಡುತ್ತಾನೆ, ಮೂರಕ್ಕೆ ಮೂರೂ ಇರುತ್ತವೆ, ಅಕ್ಕನ ಮಾತು ಅಕ್ಕನದೇ ಆಗುತ್ತದೆ. ಈ ಆಲೋಚನೆ ಆಸ್ಪತ್ರೆಯ ಮೆಟ್ಟಿಲು ಹತ್ತುವವರೆಗೂ ಅವರಿಗೆ ಬಹಳ ಹಿಡಿಸಿತ್ತು.

ತಮ್ಮ ದಿಂಬಿಗೆ ಒರಗಿ ಕೂತಿದ್ದ. ಅಕ್ಕನ ಮುಖ ನೋಡಿಯೇ ಅವನ ಮುಖ ಅರಳಿತು.

“ಮೂರೂ ಇದಾವಾ?”

“ಇದಾವೆ.”

“ಚಟಾಕು?”

“ಇವತ್ತು ಬೆಳಿಗ್ಗೆ ಆರು ನೊಣ ತಿಂದ. ಏಳನೇದಕ್ಕೆ ಜಗಳಕ್ಕೆ ಬಂದ.”

“ನನಗೆ ಗೊತ್ತಿತ್ತು ಬಿಡು,” ಎಂದ ತಮ್ಮ. ಪಕ್ಕದ ಹಾಸಿಗೆಯವನ ಕಡೆ ತಿರುಗಿ, “ನೋಡಿ, ಇವರೇ ನಮ್ಮಕ್ಕ. ಇವರ ಕೈಗೆ ಕೊಟ್ಟರೆ ಸಾಯೋ ಜೀವಾನೂ ಎದ್ದು ಕೂರುತ್ತೆ. ಒಂದು ತಪ್ಪು ಮಾಡಿದ್ದು ನಾನು ನೋಡಿಲ್ಲ,” ಎಂದ. ಪಕ್ಕದವನು ಭಕ್ತಿಯಿಂದ ತಲೆಯಾಡಿಸಿದ.

ಸಿಸ್ಟರಮ್ಮ ಸ್ಟೂಲಿನ ಮೇಲೆ ಕೂತಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದರೇನೋ, ಹೊಗಳಿಕೆಯನ್ನು ತಡೆದುಕೊಳ್ಳಲಾಗಲಿಲ್ಲ.

“ಸತ್ತೇ ಹೋಗ್ತಿದ್ದ,” ಎಂದರು. “ನನ್ನಿಂದ. ತೊಟ್ಟೀನ ಫಿನಾಯಿಲಲ್ಲಿ ತೊಳೆದೆ. ಕಾಲು ಚಾಚಿದ. ಸೋಂಕು ಅಂದ್ಕೊಂಡು ಮತ್ತೆ ತೊಳೆದೆ. ನಿನ್ನ ಹತ್ರ ಆರಾಮಾಗಿದಾನೆ ಅಂದೆ. ಮೊನ್ನೆ ಕಾಲು ನೋವಿರ್ಲಿಲ್ಲ, ಅವನ ಬಟ್ಟಲ ಮುಂದೆ ಕೂತಿದ್ದೆ. ತಪ್ಪು ನನ್ನದೇ.”

ಕಡೆಯ ಎರಡು ಪದಗಳನ್ನು ಅವರು ಹಿಂದೆ ಯಾರಿಗೂ ಹೇಳಿರಲಿಲ್ಲ. ಪಕ್ಕದ ಹಾಸಿಗೆಯವನು ಮೆಲ್ಲಗೆ ಗೋಡೆಯ ಕಡೆ ಹೊರಳಿದ.

ತಮ್ಮ ಅಕ್ಕನಿಂದ ಕಣ್ಣು ತೆಗೆದು ಹೊದಿಕೆಯ ಅಂಚು ಹಿಡಿದುಕೊಂಡ. ಸಿಟ್ಟು ಬಂದಿದೆ ಎಂದುಕೊಂಡರು ಸಿಸ್ಟರಮ್ಮ. ಬರಲಿ, ಬೈಯಲಿ ಎಂದು ತಲೆ ತಗ್ಗಿಸಿ ಕಾದರು.

“ಐದು ತಂದಿದ್ದೆ ಅಕ್ಕ,” ಎಂದ ಅವನು.

“ಏನು ಐದು?”

“ಮರಿ. ಮೂರಲ್ಲ, ಐದು. ಮೊದಲನೇ ವಾರ ಪಾತ್ರೆ ತೊಳೆಯೋ ಸೋಪಲ್ಲಿ ತೊಟ್ಟಿ ತೊಳೆದೆ. ಎರಡು ಹೋದ್ವು. ಚಟಾಕು ಹೇಗೋ ಉಳಿದ. ಅದಕ್ಕೇ ಅವನು ಬೆಳೆದಿಲ್ಲ.”

ಸಿಸ್ಟರಮ್ಮನ ತಲೆ ಮೇಲೆದ್ದಿತು. ಮೂರು ದಿನ ಪಟ್ಟ ಪಾಡೆಲ್ಲ ಒಟ್ಟಿಗೆ ನೆತ್ತಿಗೇರಿತು. “ಗೊತ್ತಿತ್ತಾ ನಿಂಗೆ? ಗೊತ್ತಿದ್ದೂ ಪುಸ್ತಕದಲ್ಲಿ ಬರೀಲಿಲ್ವಾ? ನೊಣಕ್ಕೆ ಪೌಡರ್ ಹಚ್ಚೋದು ಬರೆದೆ, ಚರ್ಮ ತಿನ್ನೋದು ಬರೆದೆ, ಇದೊಂದು ಸಾಲು ಬರೆಯೋಕೆ ಏನಾಗಿತ್ತು ನಿನಗೆ?”

“ಬರೆದಿದ್ರೆ ನೀನು ಓದ್ತಿದ್ದೆ,” ಎಂದ ತಮ್ಮ.

ಸಿಸ್ಟರಮ್ಮ ಅವನ ಮುಖ ನೋಡಿದರು. ಅವನು ತಮಾಷೆ ಮಾಡುತ್ತಿರಲಿಲ್ಲ. ಐವತ್ತೆಂಟು ದಾಟಿದವನು, ತಲೆ ಬೋಳಾದವನು, ಇಡೀ ಪೇಟೆಗೆ ಬೋರ್ಡು ಬರೆದವನು, ಹಾಲು ಚೆಲ್ಲಿ ಬಾಗಿಲ ಹಿಂದೆ ಅಡಗಿದ ಹುಡುಗನ ಮುಖ ಹೊತ್ತು ಹೊದಿಕೆಯ ಅಂಚು ತಿರುವುತ್ತಿದ್ದ. ಎರಡು ಕಪ್ಪೆಮರಿ ಸತ್ತದ್ದನ್ನು ಅವನು ಯಾರಿಗೂ ಹೇಳಿರಲಿಲ್ಲ. ಇರುವ ಒಬ್ಬಳೇ ಅಕ್ಕನಿಗಂತೂ ಹೇಳಿರಲಿಲ್ಲ. ಇಂಥವು ಇನ್ನೆಷ್ಟಿದ್ದಾವು ಎಂದು ಅವರಿಗೆ ಅನಿಸಿತು.

“ಹೆಸರಿಟ್ಟಿದ್ದೆಯಾ ಅವಕ್ಕೆ?” ಎಂದು ಕೇಳಿದರು.

“ಒಂದಕ್ಕೆ ಹೆಸರಿಡೋಷ್ಟರಲ್ಲಿ ಹೋಯ್ತು.”

“ಇನ್ನೊಂದು?”

ತಮ್ಮ ಅಕ್ಕನ ಮುಖ ನೋಡಿದ. ಹೇಳಲೋ ಬೇಡವೋ ಎಂದು ಅಳೆದ. “ಸಿಸ್ಟರಮ್ಮ,” ಎಂದ. “ಉಳಿದವರ ತಲೆ ಮೇಲೇ ಕೂತಿರ್ತಿತ್ತು. ಒಬ್ಬರನ್ನೂ ಸುಮ್ಮನೆ ಇರೋಕೆ ಬಿಡ್ತಿರ್ಲಿಲ್ಲ. ಅದು ಹೋದಮೇಲೆ ತೊಟ್ಟಿಯಲ್ಲಿ ಸದ್ದೇ ಇರ್ಲಿಲ್ಲ. ಎರಡು ದಿನ ನಾನು ಕುಂಚ ಮುಟ್ಟಲಿಲ್ಲ.”

ಸಿಸ್ಟರಮ್ಮನಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಯಾವುದಕ್ಕೆ ಮೊದಲು ದಾರಿ ಬಿಡುವುದೆಂದು ತಿಳಿಯದೆ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಬಾಗಿಲ ಬಳಿ ನರ್ಸು ಬಂದು ನಿಂತು, ಭೇಟಿಯ ಹೊತ್ತು ಮುಗಿಯಿತು ಎಂದಳು. ಅವರಿಗೆ ಕೇಳಿಸಲಿಲ್ಲ. ಸ್ಟೂಲು ಬಿಟ್ಟು ಎದ್ದು, ಮೂವತ್ತನಾಲ್ಕು ವರ್ಷ ಯಾರ ನೆಂಟರನ್ನೂ ಕೂರಲು ಬಿಡದ ಜಾಗದಲ್ಲಿ, ರೋಗಿಯ ಹಾಸಿಗೆಯ ಅಂಚಿನಲ್ಲಿ, ಒತ್ತಿ ಕೂತರು. ತಮ್ಮ ಕಾಲು ಸರಿಸಿ ಜಾಗ ಮಾಡಿದ.

“ಹೇಗೆ ಹೋದ್ವು, ಮೊದಲಿಂದ ಹೇಳು,” ಎಂದರು. “ಬೈಯಲ್ಲ.”